ಎರಡು ಗೆರೆ ಕೂಡುವ ಜಾಗ

ಮೊದಲು ‘ಟಕ್’ ಎಂದು ಏನೋ ನೆಲಕ್ಕೆ ಬಿತ್ತು. ಅದರ ಬೆನ್ನಿಗೇ ಇನ್ನೊಂದು ಸದ್ದು. ಸದ್ದು ಎನ್ನಲೂ ಸಾಲದಷ್ಟು ಸಣ್ಣದು, ಹಗುರವಾದದ್ದೇನೋ ಉರುಳಿಕೊಂಡು ಹೋಗಿ ಎಲ್ಲೋ ಮಗ್ಗುಲಾದಂತೆ. ಬೀದಿಯೆಲ್ಲ ಮಲಗಿದ್ದ ಹೊತ್ತು. ಅವಳು ಕಣ್ಣು ಬಿಟ್ಟಳು. ಪಕ್ಕದಲ್ಲಿ ಗಂಡ ಇರಲಿಲ್ಲ.

“ಏನ್ರೀ ಬಿದ್ದದ್ದು?”

“ಬಿರಡೆ ಕಣೇ. ಸಿಕ್ತು. ಮಲಗು ನೀನು,” ಎಂದು ಪಡಸಾಲೆಯಿಂದ ಪಿಸುದನಿ ಬಂತು.

ಪಡಸಾಲೆಯಲ್ಲಿ ಇರುತ್ತಿದ್ದದ್ದು ಗಂಡನ ಕಯಾಕು, ಒಬ್ಬನೇ ಕೂತು ಹುಟ್ಟು ಹಾಕುವ ಸಪೂರ ದೋಣಿ. ಅದರ ಹಿಂಬದಿಯಲ್ಲಿ, ಒಳಗೆ ಸೇರಿದ ನೀರು ಬಸಿದು ಹೋಗಲೆಂದು ಒಂದು ತೂತು ಇತ್ತು. ಅದಕ್ಕೆ ಹೆಬ್ಬೆರಳು ಗಾತ್ರದ ತಿರುಪಿನ ಬಿರಡೆ. ಬಿದ್ದದ್ದು ಅದೇ ಇರಬೇಕು. ಆದರೆ ಅವಳಿಗೆ ಕೇಳಿಸಿದ್ದು ಎರಡು ಸದ್ದು, ಅವನು ಉತ್ತರ ಕೊಟ್ಟದ್ದು ಒಂದಕ್ಕೆ. ಎದ್ದು ಹೋಗಿ ಕೇಳಿದರೆ ‘ಇರುವೆ ಕೆಮ್ಮಿದರೂ ನಿನಗೆ ಎಚ್ಚರ’ ಎಂದು ನಗುತ್ತಾನೆ. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ದೀಪ ಹಾಕದೆ ಅವನು ತಯಾರಿ ನಡೆಸುತ್ತಿದ್ದ. ದೀಪ ಹಾಕಿದರೆ ಕೆಳಗಿನ ಟೈರು ಅಂಗಡಿಯವನಿಗೆ ಗೊತ್ತಾಗುತ್ತದೆ, ಅವನಿಗೆ ಗೊತ್ತಾದರೆ ದೋಣಿ ಕಟ್ಟುವ ಜೆಟ್ಟಿಗೆಲ್ಲ ಡಂಗುರ ಹೊಡೆದ ಹಾಗೆ. ಅವಳು ಮಗ್ಗುಲು ಬದಲಿಸಿದಳು. ನಿದ್ದೆ ಮತ್ತೆ ಹತ್ತಿರ ಸುಳಿಯಲಿಲ್ಲ.

ಅವನ ಕಸುಬು ಮೀನು ಹಿಡಿಯುವುದಲ್ಲ, ಮೀನು ಇರುವ ಜಾಗ ಹುಡುಕುವುದು. ವಾರದ ಕೊನೆಗೆ ಗಾಳದ ಹುಚ್ಚಿನವರು ಬರುತ್ತಿದ್ದರು: ಒಬ್ಬ ದಂತವೈದ್ಯ, ಬ್ಯಾಂಕಿನವರು, ನಿವೃತ್ತ ಎಂಜಿನಿಯರುಗಳು. ಅವನು ಬಾಡಿಗೆ ದೋಣಿಯಲ್ಲಿ ಅವರನ್ನು ಕೂರಿಸಿಕೊಂಡು ಹೋಗುತ್ತಿದ್ದ, ಅವನು ‘ಇಲ್ಲಿ ಬಿಡಿ’ ಎಂದಲ್ಲಿ ಅವರು ಗಾಳ ಬಿಡುತ್ತಿದ್ದರು. ವಾರದ ಮಿಕ್ಕ ದಿನ ಅವನು ಒಬ್ಬನೇ ಕಯಾಕಿನಲ್ಲಿ ಹುಟ್ಟು ಹಾಕುತ್ತ ಅಂಥ ಜಾಗಗಳನ್ನು ಹುಡುಕುತ್ತಿದ್ದ. ಎಂಜಿನ್ನಿನ ಸದ್ದಿಗೆ ಮೀನು ಚದುರುತ್ತದೆ, ಜನ ಸೇರುತ್ತಾರೆ. ಕಯಾಕಿಗೆ ಆ ಎರಡು ರೋಗವೂ ಇಲ್ಲ ಎನ್ನುತ್ತಿದ್ದ. ಸೀಸದ ಗುಂಡಿನ ತಳಕ್ಕೆ ಸೋಪು ಮೆತ್ತಿ ಹಗ್ಗದಲ್ಲಿ ಕೆಳಗಿಳಿಸುವುದು. ಮೇಲೆ ಎಳೆದಾಗ ಸೋಪಿಗೆ ಮರಳು ಅಂಟಿದ್ದರೆ ಮುಂದೆ ಹೋಗು. ಚಿಪ್ಪಿನ ಚೂರಿದ್ದರೆ ಸ್ವಲ್ಪ ನಿಲ್ಲು. ಏನೂ ಅಂಟದೆ ಗೀರು ಬಿದ್ದಿದ್ದರೆ ಅಡಿಯಲ್ಲಿ ಬಂಡೆಯಿದೆ, ಬಂಡೆ ಇದ್ದಲ್ಲಿ ಸಂದಿ ಇದೆ, ಸಂದಿ ಇದ್ದಲ್ಲಿ ಸಂಸಾರ ಇದೆ. ಬಚ್ಚಲಿನ ಸೋಪು ಮಾಯವಾಗುವುದಕ್ಕೆ ಅವನ ತಾಯಿ ಬಹಳ ದಿನ ಇಲಿಯನ್ನು ಬೈದು, ಕೊನೆಗೆ ಮಗನನ್ನೇ ಹಿಡಿದಿದ್ದರು.

ಆದರೆ ಸಿಕ್ಕಿದ ಜಾಗಕ್ಕೆ ಬೇಲಿ ಹಾಕುವ ಹಾಗಿಲ್ಲ. ಜೆಟ್ಟಿಯಲ್ಲಿ ಕೊಕ್ಕರೆ ಇದ್ದ. ಉದ್ದ ಕಾಲು, ಉದ್ದ ಕತ್ತು, ಒಂದೇ ಕಡೆ ನಿಂತು ಗಂಟೆಗಟ್ಟಲೆ ನೀರು ನೋಡುವ ಅಭ್ಯಾಸ. ಹೆಸರು ತಾನಾಗಿಯೇ ಬಂದಿತ್ತು. ಅವನಿಗೊಂದು ಎಂಜಿನ್ ದೋಣಿ, ಅದರಲ್ಲಿ ಪಾಲುದಾರನಾಗಿ ಮುದಿ ಮೇಸ್ತ್ರಿ, ಎಂಜಿನ್ ರಿಪೇರಿಯವನು. ಅವರೂ ಗಾಳದ ಗಿರಾಕಿಗಳನ್ನೇ ಒಯ್ಯುತ್ತಿದ್ದರು, ಆದರೆ ಹುಡುಕುವ ಕಷ್ಟ ತೆಗೆದುಕೊಳ್ಳುತ್ತಿರಲಿಲ್ಲ. ಕಯಾಕು ಎಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೋ ನೋಡಿಕೊಂಡು ಮರುದಿನ ಅಲ್ಲಿಗೇ ಹೋಗುತ್ತಿದ್ದರು.

ಅದಕ್ಕೆ ಅವನು ನಾಟಕ ಶುರು ಮಾಡಿದ. ಏನೂ ಇಲ್ಲದ ಜಾಗದಲ್ಲಿ ಕಯಾಕು ನಿಲ್ಲಿಸಿ, ಮೀನು ಕಚ್ಚಿದಂತೆ ಬೆನ್ನು ಬಗ್ಗಿಸುವುದು, ಮುಷ್ಟಿ ಎತ್ತುವುದು. ಒಮ್ಮೆಯಂತೂ ಗಾಳದ ದಾರಕ್ಕೆ ಗೋಣಿಚೀಲ ಕಟ್ಟಿ ನೀರಿಗೆ ಬಿಟ್ಟು, ಕೋಲು ಬಿಲ್ಲಾಗುವ ಹಾಗೆ ಅರ್ಧ ಬೆಳಗು ಎಳೆದಾಡಿದ್ದ. ಆವತ್ತು ಅವಳೂ ಕಿಟಕಿಯಲ್ಲಿ ನಿಂತು, ಅವನು ಹೇಳಿಕೊಟ್ಟಂತೆ, ಕುಣಿದು ಕೈ ಬೀಸಿದ್ದಳು. ಕೊಕ್ಕರೆ, ಮೇಸ್ತ್ರಿ ಡೀಸೆಲ್ ಸುಟ್ಟುಕೊಂಡು ಹೋಗಿ ನೋಡಿದರೆ ಗೋಣಿಚೀಲ. ಅಂದಿನಿಂದ ಅವನಿಗೆ ಜೆಟ್ಟಿಯಲ್ಲಿ ‘ಗೋಣಿಮೀನು’ ಎಂದೇ ಹೆಸರು. ಮನೆಯಲ್ಲಿ ಮೂವರೂ ಬಹಳ ದಿನ ಅದನ್ನು ನೆನೆದು ನಕ್ಕಿದ್ದರು. ನಗುವಾಗಲೂ ಅವಳಿಗೆ ಒಳಗೊಳಗೆ ಸಣ್ಣ ಮುಳ್ಳು. ಅವಳ ಕೆಲಸ ಶಾಲೆಯ ಪುಸ್ತಕಗಳ ಕರಡು ತಿದ್ದುವುದು. ಸುಳ್ಳಾದ ಒಂದು ಮಾತು ಪುಟದಲ್ಲಿ ಉಳಿದುಬಿಟ್ಟರೆ ಮುಂದೆ ಯಾರ ಕಣ್ಣಿಗೆ ಹೇಗೆ ಬೀಳುತ್ತದೋ ಎಂದು ಹೆದರುವುದೇ ಅವಳ ಸಂಬಳದ ಕೆಲಸವಾಗಿತ್ತು.

ಈ ವರ್ಷ ನಗುವಿಗೆ ಆಸ್ಪದವೇ ಇರಲಿಲ್ಲ. ಹಳೆಯ ಜಾಗಗಳೆಲ್ಲ ಬರಿದಾದವು. ಗಿರಾಕಿಗಳು ಒಬ್ಬೊಬ್ಬರಾಗಿ ಕೊಕ್ಕರೆಯ ದೋಣಿಗೆ ಹತ್ತಿದರು. ಅದರಲ್ಲಿ ನೆರಳಿಗೆ ಟಾರ್ಪಾಲಾದರೂ ಇತ್ತು. ದಂತವೈದ್ಯರೊಬ್ಬರು ಉಳಿದಿದ್ದರು, ಅವರೂ ‘ಈ ಶನಿವಾರವೂ ಬರಿಗೈ ಆದರೆ ನನ್ನ ಹೆಂಡತಿ ನಗುತ್ತಾಳೆ’ ಎಂದು ಹೇಳಿ ಹೋಗಿದ್ದರು. ಅವನು ಊಟದ ಮಧ್ಯೆ ಕೈ ಒಣಗಿಸಿಕೊಂಡು ಕೂತುಬಿಡುತ್ತಿದ್ದ. ಆಮೇಲೆ, ಹೋದ ವಾರ ಒಂದು ದಿನ, ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ. ಅವಳ ಮೇಜಿನ ಮೇಲೆ ಕರಡಿನ ಹಾಳೆಯ ಪಕ್ಕದಲ್ಲೇ ಸೀಸದ ಗುಂಡು ಇಟ್ಟ. ಸೋಪಿನ ತುಂಬ ಗೀರು.

“ನೋಡು. ಮರಳು ಒಂದು ಕಾಳೂ ಇಲ್ಲ.”

“ಎಲ್ಲಿ?”

ಅವನು ಬಾಗಿಲು ಮುಚ್ಚಿ ಬಂದು ಹೇಳಿದ. ಕಡಲಿನಲ್ಲಿ ಗುರುತು ನೆಡಲಾಗುವುದಿಲ್ಲ, ಗುರುತು ದಡದಲ್ಲಿ ಹಿಡಿಯಬೇಕು. ಒಂದು ಕಡೆ ಐಸ್ ಫ್ಯಾಕ್ಟರಿಯ ಚಿಮಣಿ, ಸರಿಯಾಗಿ ಅದರ ಹಿಂದೆ ನೀರಿನ ಟ್ಯಾಂಕು ಮರೆಯಾಗಬೇಕು. ಅದು ಒಂದು ಗೆರೆ. ಇನ್ನೊಂದು ಕಡೆ ತಡೆಗೋಡೆಯ ತುದಿಯ ದೀಪದ ಕಂಬ, ಅದರ ನೆತ್ತಿಯ ಮೇಲೆ ಗುಡ್ಡದ ಹಳದಿ ಮನೆ ಟೊಪ್ಪಿಗೆಯ ಹಾಗೆ ಕೂರಬೇಕು. ಅದು ಇನ್ನೊಂದು ಗೆರೆ. ಎರಡೂ ಕೂಡುವ ಕಡೆ, ಕೆಳಗೆ ದಿಬ್ಬ. “ನನಗೆ ಬಿಟ್ಟರೆ ನಿನಗೆ. ಅಮ್ಮನಿಗೂ ಬೇಡ, ಅವಳ ಬಾಯಲ್ಲಿ ಎಳ್ಳುಕಾಳು ನೆನೆಯಲ್ಲ,” ಎಂದ. ಅವನ ಕಣ್ಣು ಎಷ್ಟೋ ತಿಂಗಳ ಮೇಲೆ ಬೆಳಗಿತ್ತು. ಅವಳು ಆ ನಾಲ್ಕು ಗುರುತುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು, ಬೇರೆಯವರ ಒಡವೆ ಇಟ್ಟುಕೊಂಡವಳ ಹಾಗೆ.

ಬೆಳಗಾಗುವ ಮೊದಲೇ ಅವನು ಹೊರಟುಹೋಗಿದ್ದ. ಶನಿವಾರಕ್ಕೆ ಮುಂಚೆ ಒಮ್ಮೆ ದಿಬ್ಬದ ಉದ್ದಗಲ ಅಳೆದು ಬರಬೇಕಿತ್ತು.

ಅವಳು ಪಡಸಾಲೆ ಗುಡಿಸುವಾಗ ಚಪ್ಪಲಿಯ ಸ್ಟ್ಯಾಂಡಿನ ಕೆಳಗಿನಿಂದ ಕಸದ ಜೊತೆ ಒಂದು ಕರಿಯ ಉಂಗುರ ಹೊರಬಂತು. ರಬ್ಬರಿನದು. ಮಗುವಿನ ಬೆರಳಿಗೆ ಆಗುವಷ್ಟು. ಅವಳು ಪೊರಕೆ ಹಿಡಿದುಕೊಂಡೇ ಕೂತುಬಿಟ್ಟಳು. ಬಿರಡೆಯ ಕತ್ತಿಗೆ ಸುತ್ತಿರುವ ವಾಷರು. ಅದಿಲ್ಲದೆ ಬಿರಡೆಯನ್ನು ಎಷ್ಟು ತಿರುಪಿದರೂ ನೀರು ಒಳಗೆ ಜಿನುಗುತ್ತದೆ. ಎರಡನೆಯ ಸದ್ದು ಇದು.

“ಅದೇನು ಉಂಗುರ ಕಳಕೊಂಡವಳ ಹಾಗೆ ಕೂತೆ?” ಎಂದರು ಅತ್ತೆ, ಅಡುಗೆಮನೆಯಿಂದ ಇಣುಕಿ.

“ಏನಿಲ್ಲ ಅತ್ತೆ. ನಲ್ಲಿಯ ವಾಷರು ಅನ್ಸುತ್ತೆ.”

ನಲ್ಲಿಯದೇ ಇರಲಿ ಎಂದುಕೊಂಡು ಬಚ್ಚಲಿನ ನಲ್ಲಿ, ಅಡುಗೆಮನೆಯ ನಲ್ಲಿ ಎರಡನ್ನೂ ನೋಡಿದಳು. ಎರಡೂ ತೊಟ್ಟಿಕ್ಕದೆ ಗಪ್ಪಾಗಿದ್ದವು. ಫೋನು ಹಚ್ಚಿದಳು. ಬಂಡೆಸಾಲು ದಾಟಿದ ಮೇಲೆ ಸಿಗ್ನಲ್ ಇರುವುದಿಲ್ಲವೆಂದು ಗೊತ್ತಿದ್ದೂ ಮತ್ತೆ ಹಚ್ಚಿದಳು. ಆಮೇಲೆ ಕಿಟಕಿಗೆ ಬಂದಳು.

ದುರ್ಬೀನು ಕಿಟಕಿಯ ಚಿಲಕಕ್ಕೆ ನೇತುಹಾಕಿತ್ತು, ಆದರೆ ಅವಳು ಅದನ್ನು ಬಳಸುವ ಹಾಗಿರಲಿಲ್ಲ. ‘ನೀನು ಎತ್ತ ನೋಡ್ತೀಯೋ ಜೆಟ್ಟಿಯವರು ಅತ್ತ ನೋಡ್ತಾರೆ’ ಎಂದು ಗಂಡ ಕಟ್ಟುಮಾಡಿದ್ದ. ಇಷ್ಟು ದಿನ ಪರದೆಯ ಸಂದಿಯಲ್ಲಿ, ಬರಿಗಣ್ಣಿನಲ್ಲಿ ಕಯಾಕಿನ ಕಿತ್ತಳೆ ಚುಕ್ಕೆ ಹುಡುಕುವುದೇ ಅವಳ ಬೆಳಗಿನ ಕೆಲಸವಾಗಿತ್ತು. ಇವತ್ತು ಪರದೆ ಸರಿಸಿ ದುರ್ಬೀನು ಕಣ್ಣಿಗೆ ಹಿಡಿದಳು.

ಕಯಾಕಿನ ಹಿಂಭಾಗ ಕಾಣಲಿಲ್ಲ. ಮೂತಿ ಮಾತ್ರ ಮೇಲೆದ್ದಿತ್ತು. ಅವನು ಹುಟ್ಟನ್ನು ನೆಟ್ಟಗೆ ಎತ್ತಿ ಆಚೆಯಿಂದ ಈಚೆಗೆ ಬೀಸುತ್ತಿದ್ದ. ನಾಟಕದಲ್ಲಿ ಮುಷ್ಟಿ ಇತ್ತು, ಬಗ್ಗಿದ ಬೆನ್ನಿತ್ತು; ಹುಟ್ಟು ಬೀಸುವುದು ಎಂದೂ ಇರಲಿಲ್ಲ. ಅವಳು ನೋಡುತ್ತಿದ್ದಂತೆ ಮೂತಿ ಒಂದು ಪಕ್ಕಕ್ಕೆ ಹೊರಳಿತು. ಅವನು ಇಲ್ಲ. ಆಮೇಲೆ ತಲೆ, ಲೈಫ್ ಜಾಕೆಟ್ಟಿನ ಹೆಗಲು, ಮಗುಚಿದ ಕಯಾಕಿನ ಮೇಲೆ ಒಂದು ಕೈ. ಗಾಳಿ ದಡದಿಂದ ಕಡಲಿನ ಕಡೆಗೆ ಬೀಸುತ್ತಿತ್ತು. ಬೆಳಗಿನ ಗಾಳಿ ಯಾವಾಗಲೂ ಹಾಗೆಯೇ.

ದುರ್ಬೀನನ್ನು ಕೊರಳಿಗೆ ಹಾಕಿಕೊಂಡು, ಮೆಟ್ಟಿಲಿಳಿಯುತ್ತಲೇ ಕರಾವಳಿ ರಕ್ಷಣಾ ದಳಕ್ಕೆ ಫೋನು ಮಾಡಿದಳು. ಆ ಕಡೆಯ ಹೆಣ್ಣುಮಗಳು ಮರ್ಯಾದೆಯಿಂದಲೇ ಮಾತಾಡಿದಳು: ದೋಣಿ ಇನ್ನೊಂದು ಬಂದರಿನ ಕಡೆ ಹೋಗಿದೆ, ತಿರುಗಿಸುತ್ತೇವೆ, ಸಮಯ ಹಿಡಿಯುತ್ತದೆ, ಹತ್ತಿರದಲ್ಲಿ ಯಾವುದಾದರೂ ದೋಣಿ ಇದ್ದರೆ ಕಳಿಸಿ.

ಹತ್ತಿರದಲ್ಲಿ ಇದ್ದದ್ದು ಒಂದೇ. ಉಳಿದವೆಲ್ಲ ನಸುಕಿನಲ್ಲೇ ಕಡಲಿಗೆ ಹೋಗಿ ಜೆಟ್ಟಿ ಖಾಲಿ ಹೊಡೆಯುತ್ತಿತ್ತು. ಕೊಕ್ಕರೆ ದೋಣಿಯ ಅಂಚಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಮೇಸ್ತ್ರಿ ಎಂಜಿನ್ನಿನ ಮುಚ್ಚಳಕ್ಕೆ ಬಟ್ಟೆ ಉಜ್ಜುತ್ತಿದ್ದ. ಇಬ್ಬರೂ ಕಡಲನ್ನೇ ನೋಡುತ್ತಿದ್ದರು.

“ಬನ್ನಿ ಅಕ್ಕ, ಬನ್ನಿ,” ಎಂದ ಕೊಕ್ಕರೆ. “ಇವತ್ತು ಹೊಸ ಪ್ರಸಂಗ. ಮಗುಚಿ ಬೀಳೋದು. ಗೋಣಿಮೀನು ದಿನದಿಂದ ದಿನಕ್ಕೆ ಪಳಗ್ತಿದ್ದಾನೆ.”

“ನಾಟಕ ಅಲ್ಲ. ನಿಜವಾಗ್ಲೂ ಮುಳುಗ್ತಿದೆ. ದಯವಿಟ್ಟು ದೋಣಿ ಬಿಡಿ.”

“ಹೋದ ಸಲಾನೂ ನೀವು ಕಿಟಕೀಲಿ ಕುಣಿದಿರಿ,” ಎಂದ ಅವನು. ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ಅವಳನ್ನು ಹೆಚ್ಚು ಹೆದರಿಸಿತು. “ನಾನು ಇವರಿಗೆ ಹೇಳಿದೆ, ಪಾಪ, ಓದಿದ ಹೆಣ್ಣುಮಗಳು, ಅವರೇ ಕುಣೀತಿದ್ದಾರೆ ಅಂದ್ರೆ ತಿಮಿಂಗಿಲಾನೇ ಇರಬೇಕು ಅಂತ. ಹೋಗಿ ನೋಡಿದ್ರೆ ಗೋಣಿ.”

“ಗೋಣೀಲಿ ಅಕ್ಕಿಯಾದ್ರೂ ಇದ್ದಿದ್ರೆ ಬೇಜಾರಿರಲಿಲ್ಲ,” ಎಂದ ಮೇಸ್ತ್ರಿ.

ಅವಳು ಅಂಗೈ ಬಿಚ್ಚಿದಳು. “ನೋಡಿ. ಬಿರಡೆಯ ವಾಷರು. ರಾತ್ರಿ ಬಿದ್ದು ಉರುಳಿತ್ತು. ಅವರಿಗೆ ಗೊತ್ತಿಲ್ಲ. ನೀರು ತುಂಬಿಕೊಂಡಿದೆ.”

ಮೇಸ್ತ್ರಿ ಅದನ್ನು ಎತ್ತಿ ಬೆಳಕಿಗೆ ಹಿಡಿದ, ಉಗುರಿನಿಂದ ಒತ್ತಿದ. ಅವನ ಮುಖ ಒಂದು ಕ್ಷಣ ಗಂಭೀರವಾಯಿತು. “ಬಿರಡೇದೂ ಇರಬಹುದು, ನಲ್ಲೀದೂ ಇರಬಹುದಮ್ಮ. ಎರಡೂ ಒಂದೇ ಅಚ್ಚು. ಇದಕ್ಕೆ ನಾನು ಸಾಕ್ಷಿ ಹೇಳಲಾರೆ,” ಎಂದು ಅದನ್ನು ಅವಳ ಅಂಗೈಗೇ ಹಿಂದಿರುಗಿಸಿದ.

“ಲೈಫ್ ಜಾಕೆಟ್ ಹಾಕಿದ್ದಾನಲ್ಲ,” ಎಂದ ಕೊಕ್ಕರೆ. “ಈಜೂ ಬರುತ್ತೆ. ನಾವು ಎಂಜಿನ್ ಶುರು ಮಾಡಿ ಅರ್ಧ ದಾರಿ ಹೋಗಲಿ, ಎದ್ದು ಕೂತು ಟಾಟಾ ಮಾಡ್ತಾನೆ. ನಮ್ಮನ್ನ ಅತ್ತ ಓಡಿಸಿ ಇತ್ತ ಎಲ್ಲೋ ಬೇರೆ ಜಾಗ ಮುಚ್ಚಿಡ್ತಿದ್ದಾನೆ. ನಮಗೂ ಬುದ್ಧಿ ಬಂದಿದೆ ಅಕ್ಕ. ಬೆಕ್ಕು ಒಂದೇ ಸಲ ಬಿಸಿ ಹಾಲಿಗೆ ಬಾಯಿ ಹಾಕೋದು.”

ಇಡೀ ದಿನ ಬೇರೆಯವರ ಮಾತು ತಿದ್ದುವವಳಿಗೆ ಈಗ ನಿಜವಾದ ಒಂದು ವಾಕ್ಯವನ್ನು ನಿಜವೆಂದು ಕಾಣಿಸುವುದು ಹೇಗೆಂದು ತಿಳಿಯಲಿಲ್ಲ. ಅತ್ತರೆ? ಕಣ್ಣಲ್ಲಿ ನೀರು ಆಗಲೇ ಇತ್ತು. ಅದನ್ನೂ ಅವರು ಪ್ರಸಂಗದ ಲೆಕ್ಕಕ್ಕೇ ಹಾಕಿಕೊಂಡಿದ್ದರು. ಕಾಲು ಹಿಡಿದರೆ? ಕೊಕ್ಕರೆ ಲೋಟದ ತಳದ ಚಹಾವನ್ನು ನೀರಿಗೆ ಚೆಲ್ಲಿದ. ಅವಳು ಹಿಂದಿರುಗಿ ನೋಡಿದಳು. ಕಿತ್ತಳೆ ಚುಕ್ಕೆ ಸ್ವಲ್ಪ ಮೊದಲು ಬಂಡೆಸಾಲಿನ ಕೊನೆಯ ಬಂಡೆಯ ನೇರಕ್ಕಿತ್ತು. ಈಗ ಅದರಿಂದ ಆಚೆ ಇತ್ತು.

ಇವರನ್ನು ಎಬ್ಬಿಸಲು ಅವಳ ಬಳಿ ಇದ್ದದ್ದು ಒಂದೇ.

“ಅಲ್ಲಿ ಜಾಗ ಇದೆ,” ಎಂದಳು.

ಕೊಕ್ಕರೆ ಲೋಟ ಕೆಳಗಿಟ್ಟ. “ಏನು?”

“ನಾಟಕ ಆಗಿದ್ದರೆ ಖಾಲಿ ಜಾಗದಲ್ಲಿ ಮಾಡ್ತಿದ್ರು. ಅಲ್ಲಿ ನಿಜವಾಗಿಯೂ ಜಾಗ ಇದೆ. ಹೋದ ವಾರ ಸಿಕ್ಕಿದ್ದು. ದೊಡ್ಡ ದಿಬ್ಬ. ಅದರ ಮೇಲೆ ಕೂತು ಯಾರಾದ್ರೂ ನಾಟಕ ಮಾಡ್ತಾರಾ? ನೀವೇ ಹೇಳಿ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಹೀಗೆ ಹೇಳಿ ಅಂತಾನೂ ಅವನೇ ಕಲಿಸಿರಬಹುದಲ್ಲ,” ಎಂದ ಮೇಸ್ತ್ರಿ. ಆದರೆ ಬಟ್ಟೆ ಕೈಯಿಂದ ಇಳಿದಿತ್ತು.

“ಗುರುತು ಹೇಳಿ ನೋಡೋಣ,” ಎಂದ ಕೊಕ್ಕರೆ.

ಅವಳು ಹೇಳಿದಳು. ಚಿಮಣಿಯ ಹಿಂದೆ ಟ್ಯಾಂಕು ಮರೆಯಾಗಬೇಕು. ದೀಪದ ಕಂಬದ ನೆತ್ತಿಯ ಮೇಲೆ ಹಳದಿ ಮನೆ. ಸುಳ್ಳು ಹೇಳುವವರು ಸಾಮಾನ್ಯವಾಗಿ ತಡವರಿಸುತ್ತಾರೆ, ಅವಳು ತಡವರಿಸಲಿಲ್ಲ. ವಾರವಿಡೀ ಮನಸ್ಸಿನಲ್ಲಿ ಹೇಳಿಕೊಂಡು ಬಾಯಿಪಾಠವಾಗಿತ್ತು. ಕೊಕ್ಕರೆ ಕತ್ತು ಉದ್ದ ಮಾಡಿ ಟ್ಯಾಂಕಿನಿಂದ ಚಿಮಣಿಗೆ, ಚಿಮಣಿಯಿಂದ ಕಡಲಿಗೆ ನೋಡಿದ. ಮೇಸ್ತ್ರಿ ಆಗಲೇ ಹಗ್ಗ ಬಿಚ್ಚುತ್ತಿದ್ದ.

“ನಾನೂ ಬರ್ತೀನಿ.”

“ನೀವ್ಯಾಕೆ ಅಕ್ಕ, ವಾಪಸ್ ಬರುವಾಗ ಅವನನ್ನ ಮಲಗಿಸೋದಕ್ಕೆ ಜಾಗ ಬೇಡ್ವಾ? ಇಲ್ಲೇ ಇರಿ. ಈಗ ಹೋಗಿ ಈಗ ಬಂದ್ವಿ.”

ಎಂಜಿನ್ ಕೆಮ್ಮಿ, ಹೊಗೆ ಕಾರಿ, ಹೊರಟಿತು. ದೋಣಿ ತಡೆಗೋಡೆಯ ತುದಿ ದಾಟಿ ನೇರ ಹೊರಟಾಗ ಅವಳು ಉಸಿರು ಬಿಟ್ಟಳು. ಇನ್ನೇನು, ತಲುಪುತ್ತಾರೆ.

ಅತ್ತೆ ಅಷ್ಟು ಹೊತ್ತಿಗೆ ಹೆಗಲ ಮೇಲೆ ಎರಡು ಟವೆಲು, ಕೈಯಲ್ಲೊಂದು ಫ್ಲಾಸ್ಕು ಹಿಡಿದು ಏದುಸಿರು ಬಿಡುತ್ತ ಬಂದರು. ಟೈರು ಅಂಗಡಿಯವನು ಹೇಳಿದ್ದನಂತೆ. “ಹೊರಟ್ರಾ? ಹೊರಟ್ರು ಅಲ್ವಾ? ಕೊಕ್ಕರೆ ಅಂತ ನಾವೇ ಆಡಿಕೊಂಡಿದ್ವಿ. ಕಷ್ಟಕ್ಕೆ ಆಗೋರು ಯಾರು ಅಂತ ಮುಖದ ಮೇಲೆ ಬರೆದಿರಲ್ಲ, ನೋಡು.”

ಅವಳು ದುರ್ಬೀನು ಇಳಿಸಲಿಲ್ಲ. ಕಿತ್ತಳೆ ಚುಕ್ಕೆ ಅಲೆ ಎದ್ದಾಗ ಮರೆಯಾಗಿ ಅಲೆ ಬಿದ್ದಾಗ ಕಾಣುತ್ತಿತ್ತು. ಗಾಳಿ ಅವನನ್ನು ದಿಬ್ಬದಿಂದ ಎಷ್ಟೋ ಆಚೆಗೆ ತಳ್ಳಿತ್ತು. ದೋಣಿ ಹೋಗುತ್ತಿತ್ತು. ಆಮೇಲೆ ಅದರ ಹಿಂದಿನ ಬಿಳಿ ನೊರೆ ಸಣ್ಣದಾಯಿತು. ಆಮೇಲೆ ನೊರೆಯೇ ಇರಲಿಲ್ಲ.

ದೋಣಿ ನಿಂತಿತ್ತು.

ಅವಳು ದುರ್ಬೀನನ್ನು ಸೀರೆಯ ಸೆರಗಿನಿಂದ ಒರೆಸಿ ಮತ್ತೆ ನೋಡಿದಳು. ಮೇಸ್ತ್ರಿ ಮುಂದುಗಡೆ ನಿಂತಿದ್ದ. ಅವನ ಮುಖ ಕಡಲಿನ ಕಡೆಗಿರಲಿಲ್ಲ, ದಡದ ಕಡೆಗಿತ್ತು. ಕೈ ಎತ್ತಿ ಹುಬ್ಬಿಗೆ ಅಡ್ಡ ಹಿಡಿದು ಮೊದಲು ಐಸ್ ಫ್ಯಾಕ್ಟರಿಯ ಕಡೆ, ಆಮೇಲೆ ಗುಡ್ಡದ ಕಡೆ ನೋಡಿದ. ಕೈಯಿಂದ ‘ಇನ್ನೂ ಸ್ವಲ್ಪ’ ಎಂದು ಸನ್ನೆ ಮಾಡಿದ. ದೋಣಿ ತೆವಳಿ ಮತ್ತೆ ನಿಂತಿತು. ಕೊಕ್ಕರೆ ಬಗ್ಗಿದ, ಎದ್ದ. ಅವನ ಕೈಯಲ್ಲಿ ದಾರವಿತ್ತು.

“ಯಾಕೆ ನಿಂತ್ರು?” ಎಂದು ಅತ್ತೆ ಕೇಳಿದರು. ಅವರಿಗೆ ದೂರದ್ದು ಮಸುಕು. ದೋಣಿ ಚಲಿಸುತ್ತಿಲ್ಲವೆಂಬುದಷ್ಟೇ ಕಂಡಿತ್ತು.

“ಎಂಜಿನ್ ಕೈಕೊಟ್ಟಿರಬೇಕು ಅತ್ತೆ.”

“ಮೇಸ್ತ್ರಿ ಇದ್ದಾನಲ್ಲ. ಸರಿಮಾಡ್ತಾನೆ.”

“ಹೂಂ. ಮಾಡ್ತಾರೆ.”

ಅವಳು ಕೂಗಿದಳು. ಕೂಗಿದ್ದು ಗಾಳಿಯ ಜೊತೆ ಕಡಲಿನ ಕಡೆಗೇ ಹೋಯಿತು, ಆದರೆ ಅಷ್ಟು ದೂರ ಯಾವ ಕೂಗೂ ಹೋಗುವುದಿಲ್ಲ. ಅವರಿಗೆ ಕೇಳಿಸಿದ್ದರೂ ಏನೆಂದು ಕೂಗುವುದು? ಗುರುತು ಹೇಳಿಕೊಟ್ಟವಳು ಅವಳೇ. ಆಸೆ ತೋರಿಸಿ ಅಟ್ಟಿದವಳು ಈಗ ಆಸೆ ಬಿಟ್ಟು ಮುಂದೆ ಹೋಗಿ ಎಂದರೆ ಹೇಗೆ ನಡೆದೀತು. ಜೆಟ್ಟಿಯ ಅಂಚಿನ ಕಬ್ಬಿಣದ ಗೂಟವನ್ನು ಹಿಡಿದು ನಿಂತಳು. ಅದರ ತುಕ್ಕು ಅಂಗೈಗೆ ಹತ್ತಿತು. ಕಿತ್ತಳೆ ಚುಕ್ಕೆ ಒಮ್ಮೆ ಮರೆಯಾಗಿ ಬಹಳ ಹೊತ್ತು ಕಾಣಲಿಲ್ಲ. ಅವಳು ಅಲೆಗಳನ್ನು ಒಂದೊಂದಾಗಿ ಬೇಡಿಕೊಂಡಳು, ಈಗ ಬೀಳು, ಈಗ ಬೀಳು. ಚುಕ್ಕೆ ಕಂಡಿತು. ಕಯಾಕಿನ ಮೇಲೆ ಕೈ ಇತ್ತೋ ಇಲ್ಲವೋ ತಿಳಿಯುವಷ್ಟು ಹತ್ತಿರ ಈಗ ಅದು ಇರಲಿಲ್ಲ.

ದೋಣಿಯಲ್ಲಿ ಕೊಕ್ಕರೆಯ ಬೆನ್ನು ಬಗ್ಗಿತು. ದಾರ ಎಳೆದ. ಮತ್ತೆ ಎಳೆದ. ನೀರಿನಿಂದ ಕೆಂಪಗೆ ಏನೋ ಮಿಂಚಿ ದೋಣಿಯೊಳಕ್ಕೆ ಬಿತ್ತು. ಮೇಸ್ತ್ರಿ ಬಗ್ಗಿ ನೋಡಿ ಅವನ ಬೆನ್ನಿಗೆ ಒಂದು ಗುದ್ದಿದ. ಇಬ್ಬರೂ ನಗುತ್ತಿರುವುದು ಶಬ್ದವಿಲ್ಲದೆ ಕಾಣುತ್ತಿತ್ತು.

“ರಿಪೇರಿ ಆಯ್ತಾ?” ಎಂದರು ಅತ್ತೆ.

“ಆಗ್ತಾ ಇದೆ.”

ದಾರ ಎರಡನೆಯ ಸಲ ಕೆಳಗಿಳಿಯಿತು. ಆಗ ಮೇಸ್ತ್ರಿ ತಲೆ ಎತ್ತಿ ಆಚೆ ನೋಡಿದ. ಅವನಿಗೆ ಏನು ಕಂಡಿತೋ, ಕೊಕ್ಕರೆಯ ತೋಳು ಹಿಡಿದು ಜಗ್ಗಿದ. ಕೊಕ್ಕರೆ ನಿಂತು ಕತ್ತು ನೀಡಿದ. ಅವನ ಕೈಯಿಂದ ದಾರ ಜಾರಿದ್ದೋ ಅವನೇ ಬಿಟ್ಟದ್ದೋ. ನೊರೆ ಒಮ್ಮೆಲೇ ಬೆಳ್ಳಗೆ ಎದ್ದಿತು, ದೋಣಿ ಮೂತಿ ಎತ್ತಿಕೊಂಡು ಓಡಿತು. ಅವಳಿಗೆ ಅವರು ಓಡಿದ ರೀತಿ ಕಂಡಿತು. ನಾಟಕವಲ್ಲವೆಂದು ಅವರಿಗೆ ಆಗಷ್ಟೇ ಗೊತ್ತಾದದ್ದು.

ಅವನನ್ನು ದೋಣಿಗೆ ಎಳೆದುಕೊಂಡದ್ದನ್ನು ಅವಳು ಸರಿಯಾಗಿ ನೋಡಲಿಲ್ಲ. ದುರ್ಬೀನಿನ ಗಾಜು ಮಂಜಾಗಿತ್ತು.

ಜೆಟ್ಟಿಗೆ ತಂದಾಗ ಅವನ ತುಟಿ ನೀಲಿಯಾಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಬೆರಳುಗಳು ಕಯಾಕು ಹಿಡಿದ ಆಕಾರದಲ್ಲೇ ಸೆಟೆದುಕೊಂಡು ಮಡಿಸಲೂ ಬಾರದೆ ಬಿಚ್ಚಲೂ ಬಾರದೆ ಇದ್ದವು. ಅತ್ತೆ ಒಂದೊಂದೇ ಬೆರಳನ್ನು ಬಾಯಿಯ ಹತ್ತಿರ ಹಿಡಿದು ಊದಿದರು. ಮೇಸ್ತ್ರಿ ತನ್ನ ಅಂಗಿ ಬಿಚ್ಚಿ ಅವನಿಗೆ ಹೊದಿಸಿ, ಬರಿಮೈಯಲ್ಲಿ ನಿಂತಿದ್ದ. ಕೊಕ್ಕರೆ ಮಗುಚಿದ ಕಯಾಕನ್ನು ಹಿಂದೆ ಕಟ್ಟಿ ತಂದಿದ್ದ. ಅದನ್ನು ಮೇಲಕ್ಕೆಳೆದಾಗ ಬಾಲದ ಬಿರಡೆಯ ಸುತ್ತಿನಿಂದ ನೀರು ಬಹಳ ಹೊತ್ತು ಸೋರಿತು. ದೋಣಿಯ ತಳದಲ್ಲಿ, ಟಾರ್ಪಾಲಿನ ತುಂಡಿನ ಕೆಳಗೆ, ಏನೋ ಪಟಪಟನೆ ಬಡಿದುಕೊಂಡು ಸುಮ್ಮನಾಯಿತು.

ಡಾಕ್ಟರು ಬಂದು ನೋಡಿ, ಬೆಚ್ಚಗಿಡಿ, ರಾತ್ರಿ ಜ್ವರ ಬಂದರೆ ಕರೆಯಿರಿ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ‘ಇನ್ನು ಸ್ವಲ್ಪ’ ಎಂಬುದನ್ನು ಅವಳು ಮನಸ್ಸಿನಲ್ಲೇ ಹಿಡಿದು ನೋಡಿದಳು. ಕೆಳಗಿಳಿದ ದಾರ, ಎಳೆದ ದಾರ, ಮತ್ತೆ ಕೆಳಗಿಳಿದ ದಾರ. ಅದು ಸ್ವಲ್ಪವೇ, ಹೆಚ್ಚೇ?

ಸಂಜೆ ಬಾಗಿಲು ಬಡಿದ ಸದ್ದಾಯಿತು. ಕೊಕ್ಕರೆ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ.

“ಒಳಗೆ ಬಾಪ್ಪ,” ಎಂದರು ಅತ್ತೆ. “ಮಗನ ಜೀವ ಉಳಿಸಿದವನು ಹೊಸಿಲ ಹೊರಗೆ ನಿಲ್ಲಬಾರದು.”

“ಇಲ್ಲಮ್ಮ, ಕೆಲಸ ಇದೆ. ಅಣ್ಣನಿಗೆ ಅಂತ ತಂದೆ.” ಚೀಲವನ್ನು ಅವಳ ಕೈಗಿತ್ತ. ಅತ್ತೆ ಚಹಾಕ್ಕೆ ನೀರಿಡಲು ಒಳಗೆ ಹೋದ ಮೇಲೆ, ತನ್ನ ಚಪ್ಪಲಿಗಳನ್ನು ನೋಡುತ್ತ ಹೇಳಿದ: “ದಾರೀಲಿ ಎಂಜಿನ್ ಸ್ವಲ್ಪ ಕೈಕೊಟ್ಟಿತ್ತು ಅಕ್ಕ. ಅದಕ್ಕೇ ತಡ ಆಯ್ತು.”

“ಗೊತ್ತು,” ಎಂದಳು ಅವಳು. “ಅತ್ತೆಗೂ ಹಾಗೇ ಹೇಳಿದೆ.”

ಅವನು ತಲೆ ಎತ್ತಿದ. ಅವಳ ಕೊರಳಿನಲ್ಲಿ ಇನ್ನೂ ದುರ್ಬೀನು ನೇತಾಡುತ್ತಿತ್ತು. ಅವನ ಕಣ್ಣು ಅದರ ಮೇಲೆ ನಿಂತಿತು, ಆಮೇಲೆ ಗೋಡೆಗೆ ಹೋಯಿತು. ಚಹಾಕ್ಕೆ ನಿಲ್ಲದೆ ಮೆಟ್ಟಿಲಿಳಿದು ಹೋದ. ಉದ್ದ ಕಾಲಿನವನು ಒಂದೊಂದೇ ಮೆಟ್ಟಿಲು ಇಳಿದ.

ಗಂಡ ಮೂರು ಹೊದಿಕೆಯ ಅಡಿಯಿಂದ ಕರೆದ. “ಏನಂತೆ? ಏನು ತಂದ?”

ತೋರಿಸಿದಳು. ಕೆಂಪು ಮೀನು, ಮೊಳದುದ್ದ, ದಪ್ಪ ತುಟಿಯದು. ಅವನು ಸೆಟೆದ ಬೆರಳಿನಿಂದಲೇ ಅದರ ಕಿವಿರು ಎತ್ತಿ ನೋಡಿದ. ದಣಿವಿನಲ್ಲೂ ಕಣ್ಣು ಚುರುಕಾಯಿತು.

“ಇದು ಮರಳಿನ ಮೇಲಿನದಲ್ಲ ಕಣೇ. ಬಂಡೆ ಸಂದೀದು. ಎಲ್ಲಿ ಸಿಕ್ತಂತೆ?”

“ಕೇಳಲಿಲ್ಲ.”

“ಹಳೇ ಜಾಗದ್ದಿರಬೇಕು. ಅಲ್ಲಿನ್ನೂ ಇಂಥದ್ದು ಉಳಿದಿದೆ ಅಂದ್ರೆ ಆಶ್ಚರ್ಯ.” ದಿಂಬಿಗೆ ತಲೆ ಆನಿಸಿದ. “ಇಷ್ಟು ದಿನ ಅವರನ್ನ ಕಳ್ಳರು ಕಳ್ಳರು ಅಂದೆ. ಗೋಣಿ ಕಟ್ಟಿ ಆಟ ಆಡಿಸಿದೆ. ಅದೊಂದನ್ನೂ ಮನಸಲ್ಲಿ ಇಟ್ಕೊಳ್ಳದೆ ಬಂದ್ರಲ್ಲ. ನೀನು ಹೋ ಅಂದ ತಕ್ಷಣ ಹೊರಟ್ರಾ?”

“ಹೂಂ.”

“ನೆಟ್ಟಗೆ ನನ್ನ ಕಡೆಗೇ ಬಂದ್ರು ಅಲ್ವಾ? ನನಗೆ ಅಲೆ ಬಿಟ್ಟರೆ ಬೇರೇನೂ ಕಾಣ್ತಿರಲಿಲ್ಲ.”

ಅವಳು ಹೊದಿಕೆಯ ಅಂಚನ್ನು ಅವನ ಕುತ್ತಿಗೆಯ ಸುತ್ತ ಸರಿಪಡಿಸಿದಳು. “ನೆಟ್ಟಗೇ ಬಂದ್ರು.”

“ಒಂದು ಒಳ್ಳೇದಾಯ್ತು,” ಎಂದ ಅವನು, ದನಿ ತಗ್ಗಿಸಿ, ಅಡುಗೆಮನೆಯ ಕಡೆ ಒಮ್ಮೆ ನೋಡಿ. “ಗಾಳಿ ನನ್ನನ್ನ ದೂರ ಒಯ್ದಿತ್ತು. ಜಾಗ ಅವರಿಗೆ ತಿಳೀಲಿಲ್ಲ. ಶನಿವಾರ ಏಳೋಕಾದ್ರೆ ಸಾಕು, ದಂತವೈದ್ಯರನ್ನ ಸೀದಾ ಅಲ್ಲಿಗೇ ಕರ್ಕೊಂಡು ಹೋಗ್ತೀನಿ.” ಹಾಗೆ ಹೇಳುತ್ತಲೇ ಅವನಿಗೆ ನಿದ್ದೆ ಬಂತು. ನಿದ್ದೆಯಲ್ಲೂ ಬೆರಳುಗಳು ಏನನ್ನೋ ಹಿಡಿದುಕೊಂಡಿದ್ದವು.

ಅವಳು ಮೀನನ್ನು ಅಡುಗೆಮನೆಯ ಸಿಂಕಿಗೆ ಒಯ್ದಳು. ಬಾಯಿ ಬಿಡಿಸಿದಾಗ ದವಡೆಯಲ್ಲಿ ಗಾಳದ ಕೊಕ್ಕೆ ಹಾಗೆಯೇ ಉಳಿದಿತ್ತು, ಮೇಲೆ ಗೇಣುದ್ದದ ದಾರ, ತುದಿ ಚಾಕುವಿನಲ್ಲಿ ಕತ್ತರಿಸಿದ್ದು. ಬಿಡಿಸಿಕೊಳ್ಳಲು ಅವರಿಗೆ ಪುರಸೊತ್ತು ಸಿಕ್ಕಿರಲಿಲ್ಲ. ಎರಡನೆಯ ಗಾಳಕ್ಕೆ ಅವಸರ ಮಾಡಿದ್ದರೋ, ಅವನ ಕಡೆಗೆ ಅವಸರ ಮಾಡಿದ್ದರೋ, ಕೊಕ್ಕೆ ನೋಡಿದರೆ ಹೇಳುವ ಹಾಗಿರಲಿಲ್ಲ.

“ಎಷ್ಟು ಒಳ್ಳೇ ಜನ,” ಎಂದರು ಅತ್ತೆ, ಪಕ್ಕದಲ್ಲಿ ಪಾತ್ರೆ ತೊಳೆಯುತ್ತ. “ನೀನು ಹೋಗಿ ಏನಂತ ಕೇಳ್ಕೊಂಡೆ ಅವರನ್ನ?”

“ದೋಣಿ ಬಿಡಿ ಅಂದೆ, ಅತ್ತೆ.”

“ಅಷ್ಟೇನಾ?”

“ಅಷ್ಟೇ.”

ಕೊಕ್ಕೆಯನ್ನು ಕರಡಿನ ಹಾಳೆಯೊಂದರಲ್ಲಿ ಸುತ್ತಿ ಕಸದ ಡಬ್ಬದ ತಳಕ್ಕೆ ಹಾಕಿದಳು. ಕೈ ತೊಳೆದು ಪಡಸಾಲೆಗೆ ಬಂದಳು. ಕಯಾಕು ಗೋಡೆಗೆ ಒರಗಿ ಇನ್ನೂ ತೊಟ್ಟಿಕ್ಕುತ್ತಿತ್ತು. ಬಿರಡೆ ಬಿಚ್ಚಿ, ಬೆಳಗಿನಿಂದ ರವಿಕೆಯಲ್ಲಿ ಸಿಕ್ಕಿಸಿಕೊಂಡಿದ್ದ ವಾಷರನ್ನು ಅದರ ಕತ್ತಿಗೆ ತೊಡಿಸಿ, ಮತ್ತೆ ಬಿಗಿಯಾಗಿ ತಿರುಪಿದಳು. ಶನಿವಾರ ಅವನು ಹೋಗುತ್ತಾನೆ. ಎರಡು ಗೆರೆ ಕೂಡುವಲ್ಲಿ ಟಾರ್ಪಾಲಿನ ದೋಣಿ ಆಗಲೇ ನಿಂತಿರುತ್ತದೆ. ತಿರುಗಿ ಬಂದು ಅವಳ ಮುಖ ನೋಡುತ್ತಾನೆ. ಹೇಗೆ ಗೊತ್ತಾಯಿತು ಎಂದು ಕೇಳುತ್ತಾನೆ. ಬಿಟ್ಟು ಬಿಟ್ಟು ಮತ್ತೆ ಮತ್ತೆ ಕೇಳುತ್ತಾನೆ.

ಆಗಲೂ ಹೇಳುವುದಿಲ್ಲ ಎಂದುಕೊಂಡಳು. ಅವನಿಗೂ, ಅತ್ತೆಗೂ, ಯಾರಿಗೂ.